ಮೇದೋಜೀರಕದ ಗೆಡ್ಡೆ, ಯಕೃತ್ತಿನ ಚುಕ್ಕೆಗಳು, ಒಂದು ದೊಡ್ಡ ಶಸ್ತ್ರಚಿಕಿತ್ಸೆ: ನಾನು ಹಾದುಬಂದ ದಾರಿ

ಮೇದೋಜೀರಕ ಗ್ರಂಥಿಯಲ್ಲಿ (ಪ್ಯಾಂಕ್ರಿಯಾಸ್) ಹಾರ್ಮೋನು ಸ್ರವಿಸುವ ಜೀವಕೋಶಗಳಿಂದ ಬೆಳೆಯುವ ನ್ಯೂರೋಎಂಡೋಕ್ರೈನ್ ಗೆಡ್ಡೆಯ ಹೆಸರನ್ನು ಎರಡು ವರ್ಷದ ಹಿಂದೆ ನಾನು ಕೇಳಿಯೂ ಇರಲಿಲ್ಲ. ಈಗ ಆ ಗೆಡ್ಡೆಯೊಂದಿಗೆ ಮೇದೋಜೀರಕದ ಅರ್ಧ ಭಾಗ, ಗುಲ್ಮ (ಸ್ಪ್ಲೀನ್), ಪಿತ್ತಕೋಶ ಹಾಗೂ ಯಕೃತ್ತಿನ ಎಡಗಡೆಯ ಒಂದು ತುಂಡನ್ನು ತೆಗೆಸಿಕೊಂಡು, ಮೊದಲ ಫಾಲೋಅಪ್ ಸ್ಕ್ಯಾನ್ ಮುಗಿಸಿ ಹಾಸನಕ್ಕೆ ಮರಳಿದ್ದೇನೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ವೈದ್ಯೆಯಲ್ಲ. ಆದರೂ ಬರೆಯಲು ಕುಳಿತದ್ದಕ್ಕೆ ಕಾರಣವಿದೆ: ಈ ಕಾಯಿಲೆಯಲ್ಲಿ ಯಾವ ಪರೀಕ್ಷೆ ಯಾವುದಕ್ಕಿಂತ ಮೊದಲು ಆಗಬೇಕು, ಯಾವ ಚುಚ್ಚುಮದ್ದು ಯಾವುದಾದ ಮೇಲೆ ಬೀಳಬೇಕು ಎಂಬ ಕ್ರಮ ತಪ್ಪಿದರೆ ಹಣವೂ ಕಾಲವೂ ಸುಮ್ಮನೆ ಸೋರಿಹೋಗುತ್ತವೆ, ಆ ಕ್ರಮವನ್ನು ಪೂರ್ತಿಯಾಗಿ ಹೇಳುವವರು ಒಬ್ಬರೂ ನಮಗೆ ಒಂದೇ ಕಡೆ ಸಿಗಲಿಲ್ಲ.

ಶುರುವಾದದ್ದು ಗ್ಯಾಸ್ಟ್ರಿಕ್ ಎಂಬ ಹೆಸರಿನಲ್ಲಿ. ವರ್ಷದ ಹತ್ತಿರ ಬೆಳಗ್ಗೆ ಬರಿಹೊಟ್ಟೆಗೆ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದೆ. ಆಮೇಲೊಂದು ದಿನ ಮಲ ಡಾಂಬರಿನಂತೆ ಕಪ್ಪಾಗಿ ಹೋಯಿತು. ಮರುದಿನ ತರಗತಿಯಲ್ಲಿ ನಿಂತಿರಲಾಗದೆ ಕುರ್ಚಿ ಹಿಡಿದು ಕುಳಿತೆ. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿದಿತ್ತು. ಊರಿನಲ್ಲೇ ಎಂಡೋಸ್ಕೋಪಿ ಮಾಡಿದ ವೈದ್ಯರಿಗೆ ಜಠರದ ಮೇಲ್ಭಾಗದಲ್ಲಿ ಉಬ್ಬಿದ ರಕ್ತನಾಳಗಳು ಕಂಡವು. ಅಂಟಿನಂಥ ಔಷಧ ಚುಚ್ಚಿ ರಕ್ತಸ್ರಾವ ನಿಲ್ಲಿಸಿದ ಮೇಲೆ ಅವರು, “ಅಮ್ಮಾ, ಹಿಂದೆ ಯಾವಾಗಲಾದರೂ ಕಾಮಾಲೆ ಆಗಿತ್ತಾ?” ಎಂದು ಮತ್ತೆ ಮತ್ತೆ ಕೇಳಿದರು. ಯಕೃತ್ತು ಕೆಟ್ಟವರಲ್ಲಿ ಇಂಥ ನಾಳಗಳು ಉಬ್ಬುವುದು ಸಾಮಾನ್ಯ. ನನ್ನ ಯಕೃತ್ತಿನ ಪರೀಕ್ಷೆಗಳೆಲ್ಲ ಸರಿಯಿದ್ದವು. ಹಾಗಿದ್ದರೆ ಗುಲ್ಮದಿಂದ ಬರುವ ರಕ್ತನಾಳವನ್ನು ಹೊರಗಿನಿಂದ ಏನೋ ಒತ್ತುತ್ತಿರಬೇಕು ಎಂದು ಅವರು ಅಂದೇ ಸಂಜೆ ಸಿಟಿ ಸ್ಕ್ಯಾನ್ ಮಾಡಿಸಿದರು. ಮೇದೋಜೀರಕದ ಬಾಲದ ಕಡೆ ಆರು ಸೆಂಟಿಮೀಟರಿನ ಗೆಡ್ಡೆ, ಮುಚ್ಚಿಹೋದ ರಕ್ತನಾಳ, ಊದಿದ ಗುಲ್ಮ, ಯಕೃತ್ತಿನಲ್ಲಿ ಹಲವು ಚುಕ್ಕೆಗಳು. ನನ್ನ ಮಟ್ಟಿಗೆ ಇಡೀ ಪ್ರಯಾಣದ ಅತ್ಯಂತ ಜಾಣ ವೈದ್ಯಕೀಯ ಯೋಚನೆ ಆ ಸಂಜೆ ಹಾಸನದಲ್ಲೇ ನಡೆಯಿತು.

ಅಲ್ಲಿಂದ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಯಕೃತ್ತಿನ ಚುಕ್ಕೆಯೊಂದರಿಂದ ಸೂಜಿಯಲ್ಲಿ ತುಣುಕು ತೆಗೆದು ಬಯಾಪ್ಸಿಗೆ ಕಳಿಸಿ, ಅದರ ಫಲಿತಾಂಶ ಬರುವ ಮೊದಲೇ ಮಾಮೂಲಿ ಪೆಟ್ ಸ್ಕ್ಯಾನ್ ಮಾಡಿಸಿದರು. ಬಯಾಪ್ಸಿ ವರದಿಯಲ್ಲಿ ‘ಮೆಟಾಸ್ಟಾಟಿಕ್ ಕಾರ್ಸಿನೋಮಾ’, ಅಂದರೆ ಬೇರೆ ಕಡೆಯಿಂದ ಹರಡಿದ ಕ್ಯಾನ್ಸರ್, ಎಂದಷ್ಟೇ ಇತ್ತು. ಐದು ನಿಮಿಷದ ಮಾತುಕತೆಯಲ್ಲಿ ನಾಲ್ಕನೇ ಹಂತ, ಆಪರೇಷನ್ ಸಾಧ್ಯವಿಲ್ಲ, ಮುಂದಿನ ವಾರದಿಂದ ಕೀಮೋ ಎಂದು ತೀರ್ಮಾನವಾಗಿ ಹೋಯಿತು. ನಮ್ಮ ಮನೆಯವರು ಅಡ್ವಾನ್ಸ್ ಕಟ್ಟಲು ಕೌಂಟರಿನ ಕಡೆ ಹೊರಟಿದ್ದರು. ಮೈಸೂರಿನ ಲ್ಯಾಬೊಂದರಲ್ಲಿ ಕೆಲಸ ಮಾಡುವ ನನ್ನ ತಮ್ಮ ವರದಿಯನ್ನು ಫೋನಿನಲ್ಲಿ ನೋಡಿ, “ಅಕ್ಕ, ಇದರಲ್ಲಿ ಐಎಚ್‌ಸಿ ಇಲ್ಲ, ಕೆಐ-67 ಇಲ್ಲ. ಅದು ಬರೋ ತನಕ ಯಾವುದಕ್ಕೂ ಸಹಿ ಹಾಕಬೇಡ” ಎಂದ.

ಐಎಚ್‌ಸಿ ಎಂದರೆ ತುಣುಕಿಗೆ ವಿಶೇಷ ಬಣ್ಣ ಹಾಕಿ ಗೆಡ್ಡೆ ಯಾವ ಜಾತಿಯದೆಂದು ಗುರುತಿಸುವ ಪರೀಕ್ಷೆ. ಕೆಐ-67 ಎಂದರೆ ಗೆಡ್ಡೆಯ ನೂರು ಜೀವಕೋಶಗಳಲ್ಲಿ ಎಷ್ಟು ವಿಭಜನೆಯ ಹಾದಿಯಲ್ಲಿವೆ ಎಂಬ ಲೆಕ್ಕ. ಶೇ. 3ಕ್ಕಿಂತ ಕಡಿಮೆಯಿದ್ದರೆ ಒಂದನೇ ಗ್ರೇಡ್, 3ರಿಂದ 20ರವರೆಗೆ ಎರಡನೇ ಗ್ರೇಡ್, 20 ದಾಟಿದರೆ ಮೂರನೇ ಗ್ರೇಡ್. ಹಂತ ಬೇರೆ, ಗ್ರೇಡ್ ಬೇರೆ. ಗೆಡ್ಡೆ ಎಲ್ಲಿಯವರೆಗೆ ಹರಡಿದೆ ಎಂಬುದನ್ನು ಹಂತ ಹೇಳಿದರೆ, ಅದು ಎಷ್ಟು ಚುರುಕಾಗಿ ಬೆಳೆಯುತ್ತಿದೆ ಎಂಬುದನ್ನು ಗ್ರೇಡ್ ಹೇಳುತ್ತದೆ. ಜನ ‘ಪ್ಯಾಂಕ್ರಿಯಾಸ್ ಕ್ಯಾನ್ಸರ್’ ಎಂದು ಹೆದರುವ ಅಡಿನೋಕಾರ್ಸಿನೋಮಾ ಯಕೃತ್ತಿಗೆ ಹರಡಿದ ಮೇಲೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಹಾರ್ಮೋನು ಸ್ರವಿಸುವ ಜೀವಕೋಶಗಳ ಜಾತಿಯ ನಮ್ಮ ಗೆಡ್ಡೆಯಲ್ಲಿ, ಗ್ರೇಡ್ ಕಡಿಮೆಯಿದ್ದು ಚುಕ್ಕೆಗಳ ಬಹುಪಾಲನ್ನು ತೆಗೆಯಲು ಸಾಧ್ಯವೆಂದು ಕಂಡರೆ, ಹರಡಿದ ಮೇಲೂ ಆಪರೇಷನ್ನಿನ ಮಾತು ಏಳುತ್ತದೆ. ಈ ವ್ಯತ್ಯಾಸವೊಂದನ್ನು ತಿಳಿಯದೆ ಮನೆಯಲ್ಲಿ ನಾವು ಅತ್ತ ರಾತ್ರಿಗಳು ನೆನಪಾದರೆ ಈಗಲೂ ಸಿಟ್ಟು ಬರುತ್ತದೆ.

ಎರಡನೆಯ ಅಭಿಪ್ರಾಯಕ್ಕೆ ಹೋಗುವವರು ವರದಿಯ ಜೆರಾಕ್ಸ್ ಒಂದನ್ನೇ ಒಯ್ದರೆ ಕೆಲಸವಾಗದು. ಬಯಾಪ್ಸಿಯ ‘ಬ್ಲಾಕ್’ ಮತ್ತು ಸ್ಲೈಡುಗಳು ಬೇಕು. ಬ್ಲಾಕ್ ಎಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಚೌಕಟ್ಟು. ಅದರ ತುಂಬ ಬಿಳಿ ಮೇಣ, ಮೇಣದೊಳಗೆ ದಾರದ ಎಳೆಯಷ್ಟು ಸಣ್ಣಗೆ ನಮ್ಮ ಮಾಂಸದ ತುಣುಕು, ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ನಂಬರು. ಅದನ್ನು ಪಡೆಯಲು ರೋಗಿಯ ಸಹಿಯಿರುವ ಅರ್ಜಿ, ಗುರುತಿನ ಚೀಟಿ, ಒಂದಿಷ್ಟು ಠೇವಣಿ ಕೇಳಿದರು. ಪೆಥಾಲಜಿ ವಿಭಾಗದ ಆ ಕಿಟಕಿ ಮಧ್ಯಾಹ್ನದ ಮೇಲೆ ಮುಚ್ಚುತ್ತದೆ ಎಂದು ಗೊತ್ತಾದದ್ದು ಹಾಸನದಿಂದ ಬಂದು ಅದರ ಮುಂದೆ ನಿಂತ ಮೇಲೆ. ನೀವು ಹೊರಡುವ ಮೊದಲು ಫೋನ್ ಮಾಡಿ ಸಮಯ ಕೇಳಿಕೊಳ್ಳಿ. ಮೇಣದ ವಸ್ತುವಾದ್ದರಿಂದ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟುಹೋಗಬೇಡಿ. ಮರುಪರೀಕ್ಷೆಯಲ್ಲಿ ಈ ಜಾತಿಯ ಗೆಡ್ಡೆಯ ಗುರುತುಗಳಾದ ಸಿನಾಪ್ಟೊಫೈಸಿನ್, ಕ್ರೋಮೋಗ್ರಾನಿನ್ ಎರಡೂ ಪಾಸಿಟಿವ್ ಬಂದು, ಕೆಐ-67 ಶೇ. 6 ಎಂದು ತಿಳಿಯಿತು. ಎರಡನೇ ಗ್ರೇಡಿನ ನ್ಯೂರೋಎಂಡೋಕ್ರೈನ್ ಗೆಡ್ಡೆ. ಕೀಮೋದ ತಾರೀಖು ರದ್ದಾಯಿತು.

ವಿಷಯ ತಿಳಿದ ನೆಂಟರೆಲ್ಲ ಎರಡೇ ಹೆಸರು ಹೇಳುತ್ತಿದ್ದರು. ಒಬ್ಬರು, 2018ರಲ್ಲಿ ತಮಗೆ ನ್ಯೂರೋಎಂಡೋಕ್ರೈನ್ ಗೆಡ್ಡೆಯಿದೆ ಎಂದು ಪ್ರಕಟಿಸಿ 2020ರಲ್ಲಿ ತೀರಿಕೊಂಡ ಇರ್ಫಾನ್ ಖಾನ್. ಇನ್ನೊಬ್ಬರು ಸ್ಟೀವ್ ಜಾಬ್ಸ್. ಜಾಬ್ಸ್‌ಗೆ ಕಾಯಿಲೆ ಪತ್ತೆಯಾದದ್ದು 2003ರಲ್ಲಿ, ಆಪರೇಷನ್ ಆದದ್ದು 2004ರಲ್ಲಿ, ಯಕೃತ್ತಿನ ಕಸಿ 2009ರಲ್ಲಿ, ನಿಧನ 2011ರಲ್ಲಿ. ಅವರು ಸತ್ತರೆಂದು ಎಲ್ಲರೂ ಹೇಳುತ್ತಿದ್ದರು. ನಡುವಿನ ಎಂಟು ವರ್ಷಗಳನ್ನು ಯಾರೂ ಎಣಿಸುತ್ತಿರಲಿಲ್ಲ. ಲೆಕ್ಕದ ಮೇಷ್ಟ್ರಾದ ನಾನು ಎಣಿಸಿದೆ.

ಈ ಬಾರಿ ಹೋದದ್ದು ಮೇದೋಜೀರಕ ಮತ್ತು ಯಕೃತ್ತಿನ ಶಸ್ತ್ರಚಿಕಿತ್ಸೆಯನ್ನೇ ವೃತ್ತಿಯಾಗಿ ಮಾಡುವ ತಂಡದ ಬಳಿಗೆ. ಅವರು ಮೊದಲು ಕೇಳಿದ್ದು ಗ್ಯಾಲಿಯಂ-68 ಡೋಟಾಟೇಟ್ ಪೆಟ್ ಸ್ಕ್ಯಾನ್. ನಿಧಾನವಾಗಿ ಬೆಳೆಯುವ ಈ ಗೆಡ್ಡೆಗಳು ಸಕ್ಕರೆಯನ್ನು ಹುಡುಕುವ ಮಾಮೂಲಿ ಪೆಟ್‌ನಲ್ಲಿ ಸರಿಯಾಗಿ ಬೆಳಗದೇ ಹೋಗಬಹುದು. ಅವುಗಳ ಮೈಮೇಲಿರುವ ಸೊಮಾಟೊಸ್ಟಾಟಿನ್ ಎಂಬ ಹಾರ್ಮೋನಿನ ಗ್ರಾಹಕಗಳಿಗೆ ಅಂಟಿಕೊಳ್ಳುವ ಔಷಧವೇ ಬೇಕು. ಗ್ಯಾಲಿಯಂನ ವಿಕಿರಣ ಶಕ್ತಿ 68 ನಿಮಿಷಕ್ಕೆ ಅರ್ಧಕ್ಕಿಳಿಯುವುದರಿಂದ ತಡವಾಗಿ ಬಂದವರಿಗೆ ಕಾಯುವಂತಿಲ್ಲ, ಹೇಳಿದ ಗಂಟೆಗೆ ಅಲ್ಲಿರಬೇಕು. ಚುಚ್ಚಿದ ಮೇಲೆ ಒಂದು ಗಂಟೆ ಪ್ರತ್ಯೇಕ ಕೋಣೆಯಲ್ಲಿ ನೀರು ಕುಡಿಯುತ್ತಾ ಕುಳಿತುಕೊಳ್ಳಬೇಕು. ಆ ದಿನ ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳಬಾರದು, ಗರ್ಭಿಣಿಯರಿಂದ ದೂರವಿರಬೇಕು. ನನಗೆ ಇಪ್ಪತ್ತು ಸಾವಿರದ ಆಸುಪಾಸು ಖರ್ಚಾಯಿತು. ಮುಖ್ಯವಾದ ಮಾತೆಂದರೆ, ಅದೇ ಗ್ರಾಹಕಗಳಿಗೆ ಅಂಟಿಕೊಂಡು ಗೆಡ್ಡೆಯ ಬೆಳವಣಿಗೆಯನ್ನು ತಡೆಹಿಡಿಯುವ ಆಕ್ಟ್ರಿಯೋಟೈಡ್ ಚುಚ್ಚುಮದ್ದು ಶುರು ಮಾಡುವ ಮೊದಲೇ ಈ ಸ್ಕ್ಯಾನ್ ಆಗಿಬಿಟ್ಟರೆ ಒಳ್ಳೆಯದು. ಶುರುವಾಗಿದ್ದರೆ ಮುಂದಿನ ಡೋಸಿಗೆ ಸ್ವಲ್ಪವೇ ಮೊದಲಿನ ದಿನ ಇಟ್ಟುಕೊಳ್ಳುತ್ತಾರೆ. ಹಾಗೆಯೇ ಈ ಗೆಡ್ಡೆಯ ಸುಳಿವು ಕೊಡುವ ಕ್ರೋಮೋಗ್ರಾನಿನ್-ಎ ರಕ್ತಪರೀಕ್ಷೆ. ಪ್ಯಾಂಟೊಪ್ರಜೋಲ್, ಒಮಿಪ್ರಜೋಲ್‌ನಂಥ ಮಾತ್ರೆಗಳು ಅದರ ಮಟ್ಟವನ್ನು ಸುಳ್ಳುಸುಳ್ಳಾಗಿ ಏರಿಸುತ್ತವೆ. ಮೊದಲ ಆಸ್ಪತ್ರೆಯಲ್ಲಿ ಬಂದಿದ್ದ ಹೆದರಿಕೆ ಹುಟ್ಟಿಸುವ ಅಂಕಿಯನ್ನು ಹೊಸ ವೈದ್ಯರು ಪಕ್ಕಕ್ಕೆ ಸರಿಸಿ, ಎರಡು ವಾರ ಬೇರೆ ಮಾತ್ರೆ ಕೊಟ್ಟು ಮತ್ತೆ ಮಾಡಿಸಿದಾಗ ಅದು ಬಹಳ ಕೆಳಗೆ ಬಂತು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ.

ಸ್ಕ್ಯಾನಿನಲ್ಲಿ ಮೂಳೆಯಲ್ಲಾಗಲಿ ಬೇರೆಲ್ಲಾಗಲಿ ಏನೂ ಕಾಣಲಿಲ್ಲ. ಯಕೃತ್ತಿನ ಚುಕ್ಕೆಗಳಲ್ಲಿ ಹೆಚ್ಚಿನವು ಎಡಭಾಗದಲ್ಲಿದ್ದವು, ಬಲಭಾಗದಲ್ಲಿ ಎರಡು ಮೂರು ಆಳದಲ್ಲಿ ಕುಳಿತಿದ್ದವು. ಟ್ಯೂಮರ್ ಬೋರ್ಡ್ ಎಂಬ ವೈದ್ಯರ ಸಭೆಯಲ್ಲಿ ನನ್ನ ಫೈಲನ್ನಿಟ್ಟು ಅವರು ಹೇಳಿದ್ದು ನಾವು ನಿರೀಕ್ಷಿಸದ ಮಾತು: ಈಗಲೇ ಆಪರೇಷನ್ ಬೇಡ, ಕೆಲವು ತಿಂಗಳು ಚುಚ್ಚುಮದ್ದು ಕೊಟ್ಟು ನೋಡೋಣ. ಆ ಅವಧಿಯಲ್ಲಿ ಹೊಸ ಚುಕ್ಕೆಗಳು ಏಳದಿದ್ದರೆ ಗೆಡ್ಡೆಯ ಸ್ವಭಾವ ನಿಧಾನದ್ದೆಂದು ಖಚಿತವಾಗುತ್ತದೆ, ಇಷ್ಟು ದೊಡ್ಡ ಶಸ್ತ್ರಚಿಕಿತ್ಸೆಗೆ ಅರ್ಥ ಬರುತ್ತದೆ. ಎದ್ದರೆ ಲುಟೇಶಿಯಂ ಎಂಬ ವಿಕಿರಣ ಔಷಧದ ಚಿಕಿತ್ಸೆಯೋ ಮಾತ್ರೆಗಳೋ ಎಂದು ಬೇರೆ ದಾರಿ ಹಿಡಿಯಬೇಕಾಗುತ್ತದೆ. ಹೊಟ್ಟೆಯೊಳಗೆ ಗೆಡ್ಡೆಯಿದೆ ಎಂದು ಗೊತ್ತಿದ್ದೂ ಶಾಲೆಗೆ ಹೋಗಿ ಬರುವುದು, ತಿಂಗಳು ತಿಂಗಳು ಕಾಯುವುದು ಆಪರೇಷನ್ನಿಗಿಂತ ಕಷ್ಟದ ಕೆಲಸ. ಅತ್ತೆಯವರಂತೂ, ದುಡ್ಡಿಗಾಗಿ ಎಳೆದಾಡಿಸುತ್ತಿದ್ದಾರೆ ಎಂದೇ ನಂಬಿದ್ದರು.

ನನಗೆ ಕೊಟ್ಟದ್ದು ಆಕ್ಟ್ರಿಯೋಟೈಡ್ ಎಲ್‌ಎಆರ್ (ನಿಧಾನವಾಗಿ ಬಿಡುಗಡೆಯಾಗುವ ಬಗೆ), 30 ಮಿಲಿಗ್ರಾಂ, 28 ದಿನಕ್ಕೊಮ್ಮೆ, ಪೃಷ್ಠದ ಸ್ನಾಯುವಿನೊಳಕ್ಕೆ. ಒಂದು ಸಲ ಎಡಕ್ಕೆ, ಮುಂದಿನ ಸಲ ಬಲಕ್ಕೆ. ಕಂಪನಿಯಿಂದ ಕಂಪನಿಗೆ ಬೆಲೆಯಲ್ಲಿ ಬಹಳ ಅಂತರವಿರುವುದರಿಂದ ವೈದ್ಯರನ್ನು ಕೇಳಿ ನಾಲ್ಕು ಕಡೆ ವಿಚಾರಿಸುವುದು ತಪ್ಪಲ್ಲ. ಫ್ರಿಜ್ಜಿನಲ್ಲಿಡುವ ಔಷಧ, ಬೆಂಗಳೂರಿನಿಂದ ಐಸ್ ಪ್ಯಾಕ್ ಹಾಕಿಸಿಕೊಂಡು ಬಸ್ಸಿನಲ್ಲಿ ತರುತ್ತಿದ್ದೆವು. ಚುಚ್ಚುವುದಕ್ಕೆ ಅರ್ಧ ಗಂಟೆ ಮೊದಲು ಹೊರಗಿಡಬೇಕು, ಪುಡಿಯನ್ನು ದ್ರವದಲ್ಲಿ ಕಲಸಿದ ಕೂಡಲೇ ಚುಚ್ಚಿಬಿಡಬೇಕು. ಒಮ್ಮೆ ನಮ್ಮ ಬೀದಿಯ ಕ್ಲಿನಿಕ್ಕಿನ ಸಿಸ್ಟರ್ ಕಲಸಿಟ್ಟು ಫೋನಿಗೆ ಹೋದರು. ಬರುವಷ್ಟರಲ್ಲಿ ಪುಡಿ ತಳಕ್ಕಿಳಿದು ಸೂಜಿ ಕಟ್ಟಿಕೊಂಡು, ಅರ್ಧ ಔಷಧ ಸಿರಿಂಜಿನಲ್ಲೇ ಉಳಿಯಿತು. ಆಮೇಲೆ ಪ್ಯಾಕೆಟ್ಟಿನೊಳಗಿನ ಚಿತ್ರಸಹಿತ ಸೂಚನೆಯನ್ನು ಪ್ರತಿ ಸಲವೂ ಮುಂದಿಟ್ಟೇ ಮಲಗುತ್ತಿದ್ದೆ.

ಆ ಕಾಯುವ ಕಾಲದಲ್ಲೇ ಮುಗಿಸಬೇಕಾದ ಇನ್ನೊಂದು ಕೆಲಸ ಲಸಿಕೆ. ಗುಲ್ಮ ತೆಗೆದ ಮೇಲೆ ಕೆಲವು ಬಗೆಯ ಸೋಂಕುಗಳನ್ನು ತಡೆಯುವ ಶಕ್ತಿ ಕುಂದುತ್ತದೆ. ಆದ್ದರಿಂದ ನ್ಯೂಮೊಕಾಕಲ್, ಮೆನಿಂಗೊಕಾಕಲ್, ಹಿಬ್ (ಹೀಮೊಫಿಲಸ್ ಬಿ ಬ್ಯಾಕ್ಟೀರಿಯಾದ್ದು) ಈ ಮೂರೂ ಲಸಿಕೆಗಳು ಆಪರೇಷನ್ನಿಗೆ ಕನಿಷ್ಠ ಎರಡು ವಾರ ಮೊದಲು ಬಿದ್ದಿರಬೇಕು. ದೊಡ್ಡವರ ವೈದ್ಯರ ಬಳಿ ಇವು ಸಿಗಲಿಲ್ಲ. ಕೊನೆಗೆ ಕೊಟ್ಟದ್ದು ಮಕ್ಕಳ ವೈದ್ಯರು. ಅಳುವ ಕೂಸುಗಳ ನಡುವೆ ಐವತ್ತು ದಾಟಿದ ನಾನೂ ಟೋಕನ್ ಹಿಡಿದು ಕುಳಿತಿದ್ದೆ. ಮೆನಿಂಗೊಕಾಕಲ್ ಲಸಿಕೆಯನ್ನು ಹೇಳಿ ತರಿಸಬೇಕಾಯಿತು, ಹಾಗಾಗಿ ಕೊನೆಯ ವಾರಕ್ಕೆ ಬಿಡಬೇಡಿ. ಈ ಗೆಡ್ಡೆ ಕೆಲವೊಮ್ಮೆ ವಂಶಪಾರಂಪರ್ಯವಾಗಿ, ಕತ್ತಿನ ಪ್ಯಾರಾಥೈರಾಯ್ಡ್ ಗ್ರಂಥಿಯ ತೊಂದರೆಯೊಂದಿಗೆ ಬರುವುದರಿಂದ ಕ್ಯಾಲ್ಸಿಯಂ ಮತ್ತು ಪ್ಯಾರಾಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿದರು. ಅವು ಸರಿಯಿದ್ದದ್ದು ಮಗಳ ಸಲುವಾಗಿ ನನಗೆ ಸಮಾಧಾನ ತಂದಿತು.

ಇನ್ನು ವಿಮೆ. ನಮ್ಮದು ಖಾಸಗಿ ಕಂಪನಿಯ ಏಳು ಲಕ್ಷದ ಪಾಲಿಸಿ. ಆಸ್ಪತ್ರೆಗೆ ದಾಖಲಾಗುವ ಮುನ್ನಿನ 60 ದಿನಗಳ ಪರೀಕ್ಷೆಗಳ ಖರ್ಚನ್ನು ಅವರು ಕೊಡುತ್ತಾರೆ. ನಮ್ಮ ಆಪರೇಷನ್ ತಿಂಗಳುಗಟ್ಟಲೆ ಮುಂದಕ್ಕೆ ಹೋದದ್ದರಿಂದ ಮೊದಲ ಸ್ಕ್ಯಾನುಗಳೆಲ್ಲ ಆ ಗಡಿಯ ಆಚೆಗೆ ಬಿದ್ದವು. ಕ್ಲಿನಿಕ್ಕಿನಲ್ಲಿ ಹಾಕಿಸಿಕೊಂಡ ಚುಚ್ಚುಮದ್ದುಗಳನ್ನು ಹೊರರೋಗಿ ಚಿಕಿತ್ಸೆ ಎಂದು ತಳ್ಳಿಹಾಕಿದರು. ಪೂರ್ವಾನುಮತಿ ಕೇಳಿದಾಗ ವರ್ಷದಿಂದ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಿದ್ದುದನ್ನೇ ಹಿಡಿದು, ಇದು ಪಾಲಿಸಿಗಿಂತ ಮೊದಲಿನ ಕಾಯಿಲೆಯಲ್ಲವೇ ಎಂಬ ಪ್ರಶ್ನೆ ಎದ್ದಿತು. ತಾರೀಖು ತೋರಿಸಲು ಹಾಸನದ ವೈದ್ಯರ ಮೊದಲ ಚೀಟಿ ನನ್ನ ಪುಸ್ತಕವೊಂದರ ನಡುವೆ ಉಳಿದಿದ್ದರಿಂದ ಬಚಾವಾದೆವು. ಮೊದಲ ದಿನದ ಚೀಟಿಯನ್ನು ಜೋಪಾನವಾಗಿಡಿ. ಮಿತಿಗಿಂತ ದುಬಾರಿಯ ಕೋಣೆ ತೆಗೆದುಕೊಂಡರೆ ಬಾಡಿಗೆಯ ವ್ಯತ್ಯಾಸದ ಜೊತೆಗೆ ಉಳಿದ ಬಿಲ್ಲಿಗೂ ಅದೇ ಪ್ರಮಾಣದಲ್ಲಿ ಕತ್ತರಿ ಬೀಳುತ್ತದೆ ಎಂದು ತಿಳಿದು ಇಬ್ಬರು ಹಂಚಿಕೊಳ್ಳುವ ಕೋಣೆಯನ್ನೇ ಆರಿಸಿದೆವು. ಒಟ್ಟು ಬಿಲ್ಲು ಎಂಟು ಲಕ್ಷ ದಾಟಿತು. ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯನ್ನು ಮೊದಲೇ ವಿಚಾರಿಸಬೇಕು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30ರಷ್ಟು, 1.5 ಲಕ್ಷದ ಮಿತಿಯಲ್ಲಿ. ಇದಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಖಾಸಗಿಯಲ್ಲಿ ಸೇರಿಬಿಟ್ಟು ಆಮೇಲೆ ಓಡಾಡಿದರೆ ಕಷ್ಟ.

ಮರುಸ್ಕ್ಯಾನಿನಲ್ಲಿ ಹೊಸ ಚುಕ್ಕೆ ಇರಲಿಲ್ಲ. ಶಸ್ತ್ರವೈದ್ಯರು ಕಾಗದದ ಮೇಲೆ ಚಿತ್ರ ಬರೆದು, ಎಲ್ಲಿ ಕತ್ತರಿಸುತ್ತೇವೆ, ಏನುಳಿಯುತ್ತದೆ ಎಂದು ತೋರಿಸಿದರು. ಬಾಲದ ಭಾಗವೂ ಗುಲ್ಮವೂ ಒಟ್ಟಿಗೆ ಹೋಗುತ್ತವೆ. ಯಕೃತ್ತಿನ ಎಡತುಂಡನ್ನು ಕತ್ತರಿಸಿ, ಬಲಗಡೆಯ ಆಳದ ಚುಕ್ಕೆಗಳನ್ನು ಸೂಜಿಯ ಶಾಖದಿಂದ ಸುಡುತ್ತಾರೆ. ಮುಂದೆಯೂ ಈ ಚುಚ್ಚುಮದ್ದು ಮುಂದುವರಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವವಿರುವುದರಿಂದ ಅದನ್ನೂ ತೆಗೆಯುತ್ತಾರೆ. “ಇದರಿಂದ ಕಾಯಿಲೆ ಪೂರ್ತಿ ಹೋಯಿತು ಅಂತ ನಾನು ಹೇಳಲ್ಲ ಅಮ್ಮಾ. ಕಣ್ಣಿಗೆ ಕಾಣೋದನ್ನೆಲ್ಲ ತೆಗೀತೀವಿ, ಕಾಣದ್ದು ಇರಬಹುದು” ಎಂದರು. ಆ ನೇರ ಮಾತಿನಿಂದಲೇ ನನಗೆ ಅವರ ಮೇಲೆ ನಂಬಿಕೆ ಬಂತು.

ಹೆಂಗಸರಿಗೊಂದು ಮಾತು. ಆಪರೇಷನ್ ಥಿಯೇಟರಿನಲ್ಲಿ ವಿದ್ಯುತ್ ಉಪಕರಣ ಬಳಸುವುದರಿಂದ ಮೈಮೇಲೆ ಲೋಹವೇನೂ ಇರಬಾರದು. ತಾಳಿ, ಬಳೆ ಸುಲಭವಾಗಿ ಬಂದವು. ಮದುವೆಯಾದಾಗಿನಿಂದ ತೆಗೆಯದ ಮೂಗುಬೊಟ್ಟಿನ ತಿರುಪು ಕಚ್ಚಿಕೊಂಡಿತ್ತು. ರಾತ್ರಿ ಹನ್ನೊಂದಕ್ಕೆ ಇಬ್ಬರು ಸಿಸ್ಟರುಗಳು ಕೊಬ್ಬರಿ ಎಣ್ಣೆ ಬಿಟ್ಟು, ದಾರ ಸುತ್ತಿ, ನನ್ನ ಕಣ್ಣಲ್ಲಿ ನೀರು ಬಂದ ಮೇಲೆ ಅದು ಸಡಿಲವಾಯಿತು. ಕಾಲುಂಗುರವನ್ನು ಕತ್ತರಿಸಿಯೇ ತೆಗೆದರು. ಊರಿನಲ್ಲೇ ಅಕ್ಕಸಾಲಿಗರ ಬಳಿ ಬಿಚ್ಚಿಸಿಕೊಂಡು ಬನ್ನಿ.

ಬೆಳಗ್ಗೆ ಒಳಗೆ ಹೋದವಳು ಹೊರಬಂದದ್ದು ಕತ್ತಲಾದ ಮೇಲಂತೆ. ನಡುವೆ ಮನೆಯವರನ್ನು ಕರೆದು ಕತ್ತರಿಸಿ ತೆಗೆದ ಭಾಗಗಳನ್ನು ಟ್ರೇಯಲ್ಲಿ ತೋರಿಸುವ ಪದ್ಧತಿಯಿದೆ. ನಮ್ಮ ಯಜಮಾನರು ನೋಡಿದವರೇ ಗೋಡೆ ಹಿಡಿದು ಕುಳಿತರು, ನನ್ನ ತಮ್ಮನೇ ಮುಂದೆ ಹೋಗಿ ವಿವರ ಕೇಳಿಕೊಂಡ. ಯಾರು ನೋಡಬೇಕೆಂದು ಮೊದಲೇ ಮಾತಾಡಿಕೊಂಡಿರುವುದು ಒಳ್ಳೆಯದು.

ಐಸಿಯುವಿನ ದಿನಗಳ ನೆನಪು ಮಸುಕು. ವಾರ್ಡಿಗೆ ಬಂದ ಮೇಲೆ ಮೂರು ಚೆಂಡಿನ ಉಸಿರಾಟದ ಉಪಕರಣ, ಕೆಮ್ಮುವಾಗ ಹೊಟ್ಟೆಗೆ ಒತ್ತಿಹಿಡಿಯುವ ದಿಂಬು, ಹೊಟ್ಟೆಯೊಳಗಿನ ದ್ರವವನ್ನು ಟ್ಯೂಬಿನಿಂದ ಹೊರಗೆ ಹರಿಸುವ ಡ್ರೈನ್ ಚೀಲ ಇವೇ ಪ್ರಪಂಚ. ಮೂರನೇ ದಿನ ಡ್ರೈನಿನ ದ್ರವದಲ್ಲಿ ಮೇದೋಜೀರಕದ ಕಿಣ್ವವಾದ ಅಮೈಲೇಸ್ ಎಷ್ಟಿದೆ ಎಂದು ನೋಡುತ್ತಾರೆ. ರಕ್ತದಲ್ಲಿರಬೇಕಾದ ಗರಿಷ್ಠ ಮಟ್ಟದ ಮೂರು ಪಟ್ಟಿಗಿಂತ ಹೆಚ್ಚಿದ್ದರೆ ಕತ್ತರಿಸಿದ ಜಾಗದಿಂದ ಮೇದೋಜೀರಕದ ರಸ ಸೋರುತ್ತಿದೆ ಎಂದು ಅನುಮಾನ. ನನ್ನದು ಬಹಳ ಹೆಚ್ಚಿತ್ತು. ಇದು ಅಪರೂಪವಲ್ಲ ಎಂದು ಮುಂಚೆಯೇ ಹೇಳಿದ್ದರೂ, ಪಕ್ಕದ ಹಾಸಿಗೆಯವರು ಡ್ರೈನ್ ತೆಗೆಸಿಕೊಂಡು ಮನೆಗೆ ಹೊರಟಾಗ ಅಳು ತಡೆಯಲಾಗಲಿಲ್ಲ. ಕೊನೆಗೆ ಡ್ರೈನ್ ಇಟ್ಟುಕೊಂಡೇ ಡಿಸ್ಚಾರ್ಜ್ ಆಗಿ, ಹಾಸನಕ್ಕೆ ಹೋಗದೆ ಆಸ್ಪತ್ರೆಯ ಹತ್ತಿರವೇ ಬಾಡಿಗೆ ಕೋಣೆ ಹಿಡಿದೆವು. ದಿನವೂ ಒಂದೇ ಹೊತ್ತಿಗೆ ದ್ರವವನ್ನು ಅಳೆದು ಬಣ್ಣವನ್ನೂ ಬರೆದಿಡಬೇಕು. ಆ ರಸ ತಾಗಿದ ಚರ್ಮ ಸುಟ್ಟಂತೆ ಕೆಂಪಾಗುತ್ತದೆ. ಟ್ಯೂಬಿನ ಸುತ್ತ ಜಿಂಕ್ ಆಕ್ಸೈಡ್ ಮುಲಾಮು ಹಚ್ಚಿ, ಬಟ್ಟೆ ಒದ್ದೆಯಾದ ಕೂಡಲೇ ಬದಲಿಸುತ್ತಿದ್ದೆವು. ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಯ ಚರ್ಮಕ್ಕೆ ದಿನಕ್ಕೊಂದು ಚುಚ್ಚುಮದ್ದನ್ನು ಯಜಮಾನರೇ ಕೊಡಲು ಕಲಿತರು. ಸೋರಿಕೆ ತಾನಾಗಿ ನಿಂತು, ಎರಡನೇ ತಿಂಗಳಿನಲ್ಲಿ ಡ್ರೈನ್ ತೆಗೆದರು. ಗುಲ್ಮವಿಲ್ಲದ್ದರಿಂದ ಪ್ಲೇಟ್‌ಲೆಟ್ ಹತ್ತು ಲಕ್ಷ ದಾಟಿದಾಗ ಆಸ್ಪಿರಿನ್ ಸೇರಿಸಿದರು. ಸಕ್ಕರೆ ಏರಿದ್ದಕ್ಕೆ ಮಾತ್ರೆ ಬಂತು.

ಜೀರ್ಣಕ್ಕಾಗಿ ಕೊಡುವ ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲ್ ಬಗ್ಗೆ ಸಸ್ಯಾಹಾರಿ ಮನೆಯವರು ತಿಳಿದಿರಬೇಕು: ಅದು ಹಂದಿಯ ಮೇದೋಜೀರಕದಿಂದ ತಯಾರಾಗುವಂಥದು. ಮಗಳು ಡಬ್ಬಿಯ ಮೇಲಿನ ಬರಹ ಓದಿ ಹೇಳಿದಾಗ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಎಣ್ಣೆಯಂತೆ ತೇಲುವ ಮಲ, ಇಳಿಯುತ್ತಿದ್ದ ತೂಕ ಎರಡನ್ನೂ ನೋಡಿ ನಾನೇ ನುಂಗುವ ನಿರ್ಧಾರ ಮಾಡಿದೆ. ಅತ್ತೆಯವರು ಎರಡು ದಿನ ಮುನಿಸಿಕೊಂಡು, ಮೂರನೇ ದಿನ ತಾವೇ ಊಟದ ತಟ್ಟೆಯ ಪಕ್ಕ ಡಬ್ಬಿ ತಂದಿಟ್ಟರು. ಊಟಕ್ಕೆ ಮೊದಲಾಗಲಿ ಮುಗಿದ ಮೇಲಾಗಲಿ ಅಲ್ಲ, ಊಟದ ಜೊತೆಯಲ್ಲೇ ನುಂಗಬೇಕು.

ಕೊನೆಯ ಬಯಾಪ್ಸಿ ವರದಿಯಲ್ಲಿ ಮೇದೋಜೀರಕದ ಗೆಡ್ಡೆಯ ಕೆಐ-67 ಶೇ. 4, ಯಕೃತ್ತಿನದು ಶೇ. 8. ಒಂದೇ ದೇಹದಲ್ಲಿ ಎರಡು ಅಂಕಿ ಬರಬಹುದು. ಹೆಚ್ಚಿನದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಫಾಲೋಅಪ್ ಸ್ಕ್ಯಾನಿನಲ್ಲಿ ಸದ್ಯ ಹೊಸದೇನೂ ಇಲ್ಲ, ಸುಟ್ಟ ಜಾಗದಲ್ಲೊಂದನ್ನು ಗಮನಿಸಬೇಕೆಂದು ಬರೆದಿದ್ದಾರೆ. 28 ದಿನದ ಚುಚ್ಚುಮದ್ದು ಮುಂದುವರಿದಿದೆ, ಮುಂದಿನ ಸ್ಕ್ಯಾನ್ ಆರು ತಿಂಗಳಿಗೆ. ಗುಲ್ಮವಿಲ್ಲ ಎಂದು ಬರೆದ ಚೀಟಿಯೊಂದು ಪರ್ಸಿನಲ್ಲಿ ಸದಾ ಇರುತ್ತದೆ. ಜ್ವರ ಬಂದರೆ ನಾಳೆ ನೋಡೋಣ ಎನ್ನದೆ ಆ ಹೊತ್ತಿಗೇ ಆಸ್ಪತ್ರೆಗೆ ಹೋಗಬೇಕೆಂದು ಹೇಳಿ, ಮೊದಲ ಡೋಸ್ ಆಂಟಿಬಯಾಟಿಕ್ ಅನ್ನು ಮನೆಯಲ್ಲೇ ಇಟ್ಟಿರಲು ಬರೆದುಕೊಟ್ಟಿದ್ದಾರೆ. ಶಾಲೆಯ ಸಹೋದ್ಯೋಗಿಗಳಿಗೂ ಇದನ್ನು ತಿಳಿಸಿಟ್ಟಿದ್ದೇನೆ.